ಬುಡ–ತುದಿಯ ಲೆಕ್ಕ ಬಿಡಿ, ಹಲಗೆಯ ಪಕ್ಕ ನೋಡಿ

ಪ್ರಶ್ನೆ: ಹೊಸನಗರದ ನಮ್ಮ ಹಳೆಯ ಮನೆಯ ಹಲಸಿನ ಹಲಗೆಗಳಿಗೆ ಹತ್ತರಿ ಹೊಡೆಯುತ್ತಿದ್ದೇನೆ. ಬುಡದಿಂದ ತುದಿಯ ಕಡೆಗೆ ಹೊಡೆಯಬೇಕೆನ್ನುತ್ತಾರೆ. ಬುಡ ಯಾವುದೆಂದು ಗುರುತಿಸುವುದು ಹೇಗೆ?

ಉತ್ತರ: ಗುರುತಿಸಬೇಕಾದ ಅಗತ್ಯವೇ ಇಲ್ಲ. ಒಬ್ಬರಿಂದೊಬ್ಬರಿಗೆ ದಾಟುತ್ತಿರುವ ಈ ಅರ್ಧಸತ್ಯದಿಂದ ಕೆಟ್ಟ ಹಲಗೆಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಕಾಂಡವು ಮೇಲೆ ಹೋದಂತೆ ಸಪೂರವಾಗುವುದರಿಂದ ಮರದ ಪದರಗಳು ಒಂದರ ಮೇಲೊಂದು ಇರಿಸಿದ ಹಾಳೆಟೊಪ್ಪಿಗಳಂತೆ ಕೂತಿರುತ್ತವೆ. ಗರಗಸ ಮಾತ್ರ ಅವುಗಳನ್ನು ನೇರವಾಗಿ ಸೀಳುತ್ತದೆ. ಆದ್ದರಿಂದ ನೆಟ್ಟಗೆ ಬೆಳೆದ ಮರದ ಹಲಗೆಯಲ್ಲಿ ತಿರುಳಿನ ಕಡೆಯ ಮುಖವನ್ನು ಬುಡದಿಂದ ತುದಿಗೆ ಹೊಡೆಯುವುದು ಸರಿಯಾದರೆ, ಅದನ್ನೇ ಮಗುಚಿದಾಗ ತೊಗಟೆಯ ಕಡೆಯ ಮುಖವನ್ನು ತುದಿಯಿಂದ ಬುಡಕ್ಕೆ ಹೊಡೆಯಬೇಕಾಗುತ್ತದೆ. ಗಂಟು ಬಂದಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ.

ನೋಡಬೇಕಾದದ್ದು ಹಲಗೆಯ ಪಕ್ಕವನ್ನು. ಅದನ್ನು ಒಮ್ಮೆ ಕೀಸಿ ಬೆಳಕಿಗೆ ಓರೆಯಾಗಿ ಹಿಡಿದರೆ ಮರದ ಎಳೆಗಳು ಸೂಜಿಯಿಂದ ಗೀರಿದಂತಹ ಗೆರೆಗಳಾಗಿ ಕಾಣುತ್ತವೆ. ಹತ್ತರಿ ಸಾಗುವ ದಿಕ್ಕಿನಲ್ಲಿ ಅವು ನೀವು ಹೊಡೆಯುವ ಮುಖದ ಕಡೆಗೆ ಏರುತ್ತಿರಬೇಕು. ಇಳಿಯುತ್ತಿದ್ದರೆ, ದನದ ಮೈಯನ್ನು ಕೂದಲಿಗೆ ಎದುರಾಗಿ ಸವರಿದಂತೆ, ಅಲಗು ಎಳೆಯ ಅಡಿಗೆ ನುಗ್ಗಿ ಅದನ್ನು ಎಬ್ಬಿಸುತ್ತದೆ.

ಆದರೆ ನಿಮ್ಮದು ಹಲಸು. ಹಲಸು, ಬೀಟೆ, ಹೊನ್ನೆಗಳಲ್ಲಿ ಎಳೆಗಳು ಕೆಲವು ಪದರಗಳವರೆಗೆ ಎಡಕ್ಕೆ, ಮುಂದಿನವುಗಳಲ್ಲಿ ಬಲಕ್ಕೆ ತಿರುಚಿಕೊಂಡು ಬೆಳೆಯುವುದು ಸಾಮಾನ್ಯವಾದ್ದರಿಂದ, ಒಂದೇ ಮುಖದಲ್ಲಿ ಎದುರುಬದುರಾದ ಪಟ್ಟಿಗಳು ಬರುತ್ತವೆ ಮತ್ತು ಯಾವ ದಿಕ್ಕೂ ಪೂರ್ತಿಯಾಗಿ ಒಗ್ಗುವುದಿಲ್ಲ. ನನ್ನ ಮೊದಲ ಬೀಟೆ ಹಲಗೆಯನ್ನು ತಿರುಗಿಸಿ ತಿರುಗಿಸಿ ಹೊಡೆದು ಕಾಲು ಅಂಗುಲ ಕಳೆದುಕೊಂಡ ಮೇಲೆ ನನಗಿದು ತಿಳಿಯಿತು. ಇಲ್ಲಿ ಬೇಕಾದದ್ದು ಆಗಷ್ಟೇ ಮಸೆದ ಅಲಗು ಮತ್ತು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿ. ಅಲಗಿನ ಮೇಲೆ ಕೂರುವ ಕಬ್ಬಿಣದ ತಗಡನ್ನು ಅಲಗಿನ ಅಂಚಿನಿಂದ ಅರ್ಧ ಮಿಲಿಮೀಟರಿಗೂ ಕಡಿಮೆ ಹಿಂದಕ್ಕೆ ಬಿಗಿಯಿರಿ. ಅಲಗು ಸಾಮಾನ್ಯವಾದ 45 ಡಿಗ್ರಿಯ ಬದಲು 55ರಿಂದ 60 ಡಿಗ್ರಿಗೆ ನಿಲ್ಲುವ ಹತ್ತರಿ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ತೋಳು ನೋಯುತ್ತದೆ. ಉಳಿದ ಒರಟನ್ನು ತೆಳುವಾದ ಉಕ್ಕಿನ ತಗಡಿನಿಂದ ಹೆರೆಯಿರಿ. ಗಾಜಿನ ಚೂರಿನಿಂದ ಹೆರೆಯುವ ರೂಢಿಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಹಳೆಯ ಹಲಗೆಯೆಂದಿದ್ದೀರಿ: ಮುರಿದ ಮೊಳೆ ಒಳಗಿದೆಯೇ ಎಂದು ಅಯಸ್ಕಾಂತ ಆಡಿಸಿ ನೋಡದೆ ಅಲಗು ತಾಗಿಸಬೇಡಿ.

ಪ್ರಶ್ನೆ: ಅಮಾವಾಸ್ಯೆಯಂದು ಕಡಿದ ಮರ ನುಣುಪಾಗಿ ಬರುತ್ತದೆಯೇ? (ತೀರ್ಥಹಳ್ಳಿ)

ಉತ್ತರ: ಎಳೆಯ ದಿಕ್ಕು ಮರ ಬೆಳೆಯುವಾಗಲೇ ನಿಶ್ಚಯವಾಗಿರುತ್ತದೆ, ಕಡಿದ ದಿನ ಅದನ್ನು ಬದಲಿಸದು.

ಪ್ರಶ್ನೆ: ಹಲಗೆಗೆ ಎಣ್ಣೆ ಸವರಿ ಹೊಡೆದರೆ ಸಿಬಿರು ಏಳುವುದಿಲ್ಲವಂತೆ, ನಿಜವೇ? (ಸಾಗರ)

ಉತ್ತರ: ಏಳುತ್ತದೆ. ಎಣ್ಣೆ ಹತ್ತರಿಯ ತಳಕ್ಕಿರಲಿ.