ಓದುಗರ ಪ್ರಶ್ನೆ: ಅಜ್ಜನ ಮಳೆಲೆಕ್ಕ ತಪ್ಪಿದ್ದೇಕೆ?

ಪ್ರಶ್ನೆ: ನನ್ನ ಅಜ್ಜನಿಗೆ ಈಗ 84 ವರ್ಷ. ಶಿರಸಿ ಸಮೀಪದ ನಮ್ಮ ಅಡಿಕೆ ತೋಟವನ್ನು ಅವರು ಮಳೆ ನಕ್ಷತ್ರಗಳ ಲೆಕ್ಕದಲ್ಲಿಯೇ ನಡೆಸಿಕೊಂಡು ಬಂದವರು. “ಮೃಗಶಿರದಲ್ಲಿ ಹಿಡಿದ ಮಳೆ ಆರಿದ್ರೆಯಲ್ಲೂ ಬಿಡುತ್ತಿರಲಿಲ್ಲ. ಈಗ ಹದಿನೈದು ದಿನ ಒಣಗಿಸಿ, ಆಮೇಲೆ ಎರಡೇ ದಿನದಲ್ಲಿ ಎಲ್ಲವನ್ನೂ ಸುರಿಯುತ್ತದೆ. ಇನ್ನೂ ಸುಮ್ಮನೆ ಕೂತರೆ ತೋಟ ಉಳಿಯುವುದಿಲ್ಲ” ಎಂದು ಪದೇ ಪದೇ ಹೇಳುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನಾದರೋ, ವಯಸ್ಸಾದವರಿಗೆ ಹಿಂದಿನದೆಲ್ಲ ಚೆನ್ನಾಗಿಯೇ ಕಾಣುತ್ತದೆ, ನಕ್ಷತ್ರದ ದಿನಾಂಕಗಳೇ ಸರಿದಿರಬೇಕು ಎನ್ನುತ್ತಾನೆ. ಅಜ್ಜನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು?
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಅಣ್ಣನ ಆಕ್ಷೇಪವನ್ನೇ ನೋಡೋಣ, ಏಕೆಂದರೆ ಅದು ತೀರ ಹುರುಳಿಲ್ಲದ್ದಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಅವಧಿಯನ್ನೇ ನಾವು ಮಳೆ ನಕ್ಷತ್ರವೆನ್ನುತ್ತೇವೆ. ವರ್ಷಕ್ಕೆ 27 ನಕ್ಷತ್ರಗಳಾದ್ದರಿಂದ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ ಸಿಗುತ್ತದೆ; ಮೃಗಶಿರ ಜೂನ್ 7 ಅಥವಾ 8ರ ಸುಮಾರಿಗೂ ಆರಿದ್ರೆ 21 ಅಥವಾ 22ರ ಸುಮಾರಿಗೂ ಹುಟ್ಟುತ್ತದೆ. ಭೂಮಿಯ ಅಕ್ಷದ ನಿಧಾನ ತಿರುಗುವಿಕೆಯಿಂದಾಗಿ ಈ ದಿನಾಂಕಗಳು ಸರಿಯುವುದು ನಿಜ. ಆದರೆ ಆ ಸರಿತ ಸುಮಾರು 72 ವರ್ಷಕ್ಕೆ ಒಂದು ದಿನ ಮಾತ್ರ. ಅಜ್ಜನ ಇಡೀ ಆಯುಷ್ಯದಲ್ಲಿ ಸರಿದದ್ದು ಒಂದು ದಿನಕ್ಕಿಂತ ತುಸು ಹೆಚ್ಚಷ್ಟೆ. ಹದಿನೈದು ದಿನದ ಒಣಹವೆಗೆ ಅದು ಕಾರಣವಾಗಲಾರದು.

ಮಳೆ ನಕ್ಷತ್ರದ ನಿಜವಾದ ಬೆಲೆ ಬೇರೆ ಕಡೆಗಿದೆ: ಅದು ನೆನಪಿಗೆ ತಾರೀಖು ಹಾಕುತ್ತದೆ. “ಆ ವರ್ಷ ಮಳೆ ಚೆನ್ನಾಗಿತ್ತು” ಎಂಬ ಮಾತಿನಿಂದ ಏನೂ ತಿಳಿಯದು. “ಆರಿದ್ರೆಯ ಎರಡನೇ ಪಾದದಲ್ಲಿ ನಾಟಿ ಮುಗಿದಿತ್ತು” ಎಂದರೆ ಮಾತ್ರ ಮೂರ್ನಾಲ್ಕು ದಿನಗಳ ನಿಖರತೆಯುಳ್ಳ ಸಾಕ್ಷ್ಯ ದೊರೆಯುತ್ತದೆ. ಅಜ್ಜ ಹೇಳುತ್ತಿರುವ ಮಾದರಿಯನ್ನೇ ಮಾಪಕಗಳೂ ಬೇರೆಡೆ ದಾಖಲಿಸಿವೆ. 1950ರಿಂದ 2015ರವರೆಗಿನ ಅವಧಿಯಲ್ಲಿ ಮಧ್ಯಭಾರತದ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾದವೆಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ನೇತೃತ್ವದ ತಂಡವೊಂದು 2017ರಲ್ಲಿ ತೋರಿಸಿತು. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹೀಗಾಗಿ ಸುರಿಯುವಾಗ ಒಮ್ಮೆಗೇ ಸುರಿಯುತ್ತದೆ. ಹವಾಮಾನ ಇಲಾಖೆಯೇ 2020ರಲ್ಲಿ ತನ್ನ ಪಟ್ಟಿಯನ್ನು ತಿದ್ದಿಕೊಂಡು, ವಾಯವ್ಯ ಭಾರತದಿಂದ ಮುಂಗಾರು ಹಿಂದೆ ಸರಿಯಲಾರಂಭಿಸುವ ದಿನವನ್ನು ಸೆಪ್ಟೆಂಬರ್ 1ರಿಂದ 17ಕ್ಕೆ ಮುಂದೂಡಿತು. ಇಲಾಖೆಯ ಪಂಚಾಂಗವೂ ತಿದ್ದುಪಡಿ ಬೇಡಿತೆಂದ ಮೇಲೆ ಅಜ್ಜನದನ್ನು ಮಾತ್ರ ಹಾಸ್ಯ ಮಾಡುವುದು ನ್ಯಾಯವಲ್ಲ.

ಹಾಗೆಂದು ಹಳಬರ ನೆನಪು ತಪ್ಪುವುದೇ ಇಲ್ಲವೆನ್ನಲಾಗದು. ಹಿಂದೆಯೂ ಬರಗಾಲಗಳಿದ್ದವು, 1972ರ ಬರವನ್ನು ಉತ್ತರ ಕರ್ನಾಟಕದ ಯಾವ ಹಿರಿಯರೂ ಮರೆತಿಲ್ಲ. “ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ” ಎಂಬ ಗಾದೆ ಹುಟ್ಟಿದ್ದೇ ಆರಿದ್ರೆ ಕೈಕೊಡುತ್ತಿದ್ದುದರಿಂದ. ಆದರೆ ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಮರೆವು ಉಂಟು. ಪ್ರತಿ ಪೀಳಿಗೆಯೂ ತಾನು ಮೊದಲು ಕಂಡ ಸ್ಥಿತಿಯನ್ನೇ ಸಹಜವೆಂದು ಭಾವಿಸುವುದರಿಂದ ನಷ್ಟದ ಪೂರ್ಣ ಲೆಕ್ಕ ಯಾರಿಗೂ ಸಿಗುವುದಿಲ್ಲವೆಂದು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಬರೆದರು. ನಿಮ್ಮ ಅಣ್ಣನ ತೊಡಕು ಇದೇ. ಹೋಲಿಸಿ ನೋಡಲು ಅವರ ಬಳಿ ಹಳೆಯ ಮಳೆಗಾಲವೇ ಇಲ್ಲ.

ಅಜ್ಜನ ಅವಸರಕ್ಕೂ ಕಾರಣವಿದೆ. ಅವರು ಹದಿಹರೆಯದಲ್ಲಿದ್ದಾಗ, 1958ರಲ್ಲಿ, ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭವಾದಾಗ ವಾತಾವರಣದ ಪ್ರತಿ ಹತ್ತು ಲಕ್ಷ ಭಾಗಗಳಲ್ಲಿ ಗಾಳಿಯನ್ನು ಬಿಸಿಯೇರಿಸುವ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗ ಇತ್ತು. ಈಗ ಅದು 420 ದಾಟಿದೆ. ಅದರ ದೊಡ್ಡ ಪಾಲು ಶತಮಾನಗಳ ಕಾಲ ಅಲ್ಲಿಯೇ ಉಳಿಯುವುದರಿಂದ, ತಡಮಾಡಿದ ಒಂದೊಂದು ವರ್ಷವೂ ಹಳೆಯ ಸಾಲಕ್ಕೆ ಸೇರುತ್ತಲೇ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅಜ್ಜನನ್ನು ಹಾಗೆಯೇ ಅನುಸರಿಸಬೇಡಿ. ಅಡಿಕೆಯ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40–45 ದಿನಗಳಿಗೊಮ್ಮೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ವಾಡಿಕೆಯನ್ನು ಅವರು ನಕ್ಷತ್ರಕ್ಕೆ ಹೊಂದಿಸಿಕೊಂಡಿರಬಹುದು. ಆ ಹೊಂದಾಣಿಕೆ ಮುರಿದಿದೆಯೆಂದು ಅವರೇ ಹೇಳುತ್ತಿದ್ದಾರಲ್ಲವೇ? ಸಿಂಪರಣೆಯ ದಿನವನ್ನು ಮಳೆಯ ಮುನ್ಸೂಚನೆ ನೋಡಿ ನಿಶ್ಚಯಿಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಇರುವುದು ಇದಕ್ಕಾಗಿಯೇ. ಗುಡ್ಡದ ಯಾವ ಮಗ್ಗುಲಲ್ಲಿ ಮೊದಲು ನೀರು ಒಸರುತ್ತದೆ, ಯಾವ ಹಳ್ಳಕ್ಕೆ ಹಿಂದೆ ಎಷ್ಟು ಅಗಲವಿತ್ತು ಎಂಬುದನ್ನಾದರೋ ಅಜ್ಜನನ್ನೇ ಕೇಳಬೇಕು. 2024ರ ಜುಲೈ 16ರಂದು ನಿಮ್ಮದೇ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದುದನ್ನು ಕಂಡ ಮೇಲೆ ಇಂಥ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳದಿರುವುದು ಉದಾಸೀನವೇ ಸರಿ.

ಪ್ರಶ್ನೆ: ನನಗೆ 76 ವರ್ಷ. ಮಿರಗದ ಮಳೆ ನೋಡಿ ಬಿತ್ತಿದ ಮನೆತನ ನಮ್ಮದು. ಹವಾಮಾನದ ಮಾತೆತ್ತಿದರೆ ಮೊಮ್ಮಕ್ಕಳು, ಅದು ನಮ್ಮ ಕಾಲದ ಚಿಂತೆ, ನಿಮಗೇಕೆ ಎನ್ನುತ್ತಾರೆ. ನಮ್ಮಂಥವರು ಸುಮ್ಮನಿರಬೇಕೇ?
— ಓದುಗರು, ಧಾರವಾಡ ಜಿಲ್ಲೆ

ಉತ್ತರ: ಸುಮ್ಮನಿರಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ನಿಮ್ಮ ವಯಸ್ಸಿನ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ಸಂಘವೊಂದು, ಉಷ್ಣ ಅಲೆಗಳಿಂದ ಹೆಚ್ಚು ಸಾಯುವವರು ವೃದ್ಧೆಯರೇ ಎಂದು ವಾದಿಸಿ ತಮ್ಮ ಸರ್ಕಾರದ ವಿರುದ್ಧ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2024ರ ಏಪ್ರಿಲ್ 9ರಂದು ಗೆದ್ದಿತು. ಅಂದರೆ ಇದು ನಿಮ್ಮ ಕಾಲದ ಚಿಂತೆಯೂ ಹೌದೆಂದು ನ್ಯಾಯಾಲಯವೇ ಒಪ್ಪಿದಂತಾಯಿತು. ನೀವು ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಹಳೆಯ ಪಂಚಾಂಗಗಳ ಅಂಚಿನಲ್ಲಿ ಬಿತ್ತಿದ ದಿನ, ಬಾವಿಯ ನೀರಿನ ಮಟ್ಟ, ಮಳೆ ಬಂದ ಪಾದಗಳನ್ನು ಯಾರಾದರೂ ಗುರುತು ಹಾಕಿಟ್ಟಿದ್ದರೆ ಅವನ್ನು ರದ್ದಿಗೆ ಹಾಕಗೊಡಬೇಡಿ; ಮೊಮ್ಮಕ್ಕಳಿಂದಲೇ ಒಂದು ನೋಟ್‌ಬುಕ್ಕಿಗೆ ವರ್ಷವಾರು ಇಳಿಸಿಕೊಳ್ಳಿ.