ಹಳೇ ಕಾರು ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತಿದೆ, ಆದರೆ ಬಾಟಲಿ ತುಂಬ ಕೂಲಂಟ್ ಇದೆ. ಥರ್ಮೋಸ್ಟಾಟ್ ತೆಗೆಸಿಬಿಡಲಾ?

ತೆಗೆಸಬೇಡಿ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಹದಕ್ಕೆ ಬಿಸಿಯಾದ ಮೇಲೆ ತೆರೆದು, ಕೂಲಂಟನ್ನು ತಣ್ಣಗಾಗಲು ರೇಡಿಯೇಟರಿಗೆ ಬಿಡುವ ವಾಲ್ವ್. ಬಾಟಲಿ ತುಂಬಿದೆ ಅಂದಿರಲ್ಲ, ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿದ್ದೀರಾ?

ನಿಮ್ಮದು 2005ರ ಸ್ಯಾಂಟ್ರೊ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇಂಜಿನ್ ಬಿಸಿ ತೋರಿಸುವ ಸೂಜಿ ಏರುತ್ತದೆ, ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಹತ್ತಿದರೆ ಇಳಿಯುತ್ತದೆ. ಮೆಕ್ಯಾನಿಕ್ "ನಮ್ಮ ಬೆಂಗಳೂರಿಗೆ ಥರ್ಮೋಸ್ಟಾಟ್ ಯಾಕೆ ಸಾರ್, ಕಿತ್ತು ಬಿಸಾಕಿ" ಅಂದಿದ್ದಾರೆ. ಇಲ್ಲದಿದ್ದರೆ ರೇಡಿಯೇಟರ್ ಫ್ಯಾನ್ ಡೈರೆಕ್ಟ್ ಕೊಡಿಸೋಣ, ಅಂದರೆ ಯಾವಾಗಲೂ ತಿರುಗುವ ಹಾಗೆ ಮಾಡಿಸೋಣ ಅನ್ನುವುದು ನಿಮ್ಮ ಇನ್ನೊಂದು ಪ್ಲಾನ್. ಕಾರು, ರಸ್ತೆ ಎರಡನ್ನು ಬದಲಾಯಿಸಿದರೆ ಇದು 2022ರ ನನ್ನ ಕಥೆ.

ನನ್ನದು 2003ರ ಜೆನ್, ಅಪ್ಪ ಓಡಿಸುತ್ತಿದ್ದ ಗಾಡಿ. ಆಗ ಪೀಣ್ಯ ಫ್ಲೈಓವರ್ ಮುಚ್ಚಿದ್ದರು, ನೆನಪಿದೆಯಾ? ಕೇಬಲ್ ತೊಂದರೆ ಅಂತ 2021ರ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ತುಮಕೂರು ರೋಡಿನ ಗಾಡಿಗಳೆಲ್ಲ ಗೊರಗುಂಟೆಪಾಳ್ಯದಿಂದ ಕೆಳಗಿನ ರಸ್ತೆಯಲ್ಲೇ ತೆವಳಬೇಕಿತ್ತು. ನಾನು ದಿನಾ ಅದರಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಸೂಜಿ ಅರ್ಧ ದಾಟಿ ಮುಕ್ಕಾಲಿಗೆ ಬರುತ್ತಿತ್ತು. ಸಂಜೆ ಮನೆಗೆ ಬಂದು ಬಾನೆಟ್ ಎತ್ತಿ ಬಾಟಲಿ ನೋಡುತ್ತಿದ್ದೆ. ಹಸಿರು ಕೂಲಂಟ್ ಫುಲ್ ಗೆರೆಯಲ್ಲಿದೆ. ಸರಿ, ನೀರಿನ ತೊಂದರೆ ಅಲ್ಲ, ಟ್ರಾಫಿಕ್ಕೇ ಜಾಸ್ತಿ ಅಂದುಕೊಂಡು ಬಾನೆಟ್ ಮುಚ್ಚುತ್ತಿದ್ದೆ.

ಒಂದು ಸಲ ಕೂಲಂಟ್ ಫುಲ್ ಗೆರೆಯನ್ನೂ ದಾಟಿತ್ತು. ಮಗುವಿನ ಔಷಧಿ ಸಿರಿಂಜ್ ತಂದು ಜಾಸ್ತಿ ಇದ್ದದ್ದನ್ನು ಎಳೆದು ಹೊರಗೆ ಚೆಲ್ಲಿದೆ. ಯಾರೂ ಕೂಲಂಟ್ ಹಾಕಿಲ್ಲ, ಆದರೂ ಜಾಸ್ತಿಯಾಗಿದೆ. ಅದು ಎಲ್ಲಿಂದ ಬಂತು ಅಂತ ಒಂದು ನಿಮಿಷ ಯೋಚಿಸಿದ್ದರೆ ನನ್ನ ಹತ್ತೊಂಬತ್ತು ಸಾವಿರ ಉಳಿಯುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಇಂಜಿನ್ ಬಿಸಿಯಾದಾಗ ಕೂಲಂಟ್ ಹಿಗ್ಗುತ್ತದೆ. ಹಿಗ್ಗಿದ್ದು ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗನ್ನು ಮೇಲಕ್ಕೆ ತಳ್ಳಿ, ಒಂದು ಸಣ್ಣ ಪೈಪಿನಲ್ಲಿ ಬಾಟಲಿಗೆ ಹೋಗುತ್ತದೆ. ರಾತ್ರಿ ಇಂಜಿನ್ ತಣ್ಣಗಾದಾಗ ಒಳಗಿನದು ಕುಗ್ಗಿ ರೇಡಿಯೇಟರ್ ಹೀರಲು ಶುರು ಮಾಡುತ್ತದೆ. ಆಗ ಕ್ಯಾಪಿನ ನಡುವೆ ಇರುವ ಪುಟ್ಟ ವಾಲ್ವ್ ತೆರೆದು, ಬಾಟಲಿಯಲ್ಲಿದ್ದದ್ದು ವಾಪಸ್ ಬರಬೇಕು. ನನ್ನ ಕ್ಯಾಪಿನ ರಬ್ಬರ್ ಒಣಗಿ ಗಟ್ಟಿಯಾಗಿತ್ತು. ಹೊರಗೆ ಹೋಗುವುದೇನೋ ಸಲೀಸಾಗಿ ಹೋಗುತ್ತಿತ್ತು. ವಾಪಸ್ ಹೀರುವಾಗ ಮಾತ್ರ ಕೂಲಂಟ್ ಬದಲು ರಬ್ಬರಿನ ಸಂದಿನಿಂದ ಗಾಳಿ ಒಳಗೆ ಬರುತ್ತಿತ್ತು. ದಿನಾ ಸ್ವಲ್ಪ ಸ್ವಲ್ಪವಾಗಿ ರೇಡಿಯೇಟರ್ ಖಾಲಿಯಾಗುತ್ತಾ ಬಂತು, ಬಾಟಲಿ ತುಂಬುತ್ತಾ ಬಂತು. ನಾನು ಸಿರಿಂಜ್ ಹಿಡಿದು ಚೆಲ್ಲಿದ್ದು ಇಂಜಿನ್ನಿಗೆ ಸೇರಬೇಕಾದ ಕೂಲಂಟ್. ತುಂಬಿದ ಬಾಟಲಿಯೇ ಕಾಯಿಲೆಯ ಗುರುತಾಗಿತ್ತು, ನಾನು ಅದನ್ನೇ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಪಾತ್ರೆಯಲ್ಲಿ ಇಟ್ಟ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. 0.9 ಅಂತ (ಅದು ಹಿಡಿಯುವ ಒತ್ತಡ) ಬರೆದಿರುವ ಒಳ್ಳೆ ಕ್ಯಾಪ್ ಒತ್ತಡ ಹಿಡಿದಿಟ್ಟರೆ ಅದೇ ನೀರು 115 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಕುಕ್ಕರ್ ಗ್ಯಾಸ್ಕೆಟ್ ಹೋದಾಗ ಬೇಳೆ ಬೇಯಲ್ಲ ಅಲ್ವಾ, ಅದೇ ಲೆಕ್ಕ.

ಫೆಬ್ರವರಿ ಮೊದಲ ವಾರ ತುಮಕೂರಿನಲ್ಲಿ ಅಕ್ಕನ ಮನೆ ಗೃಹಪ್ರವೇಶ. ಅಮ್ಮ, ಹೆಂಡತಿ, ಮಗು, ಹಿಂದೆ ಎರಡು ಬುಟ್ಟಿ ಹೂವು. ಗೊರಗುಂಟೆಪಾಳ್ಯದಲ್ಲಿ ಸೂಜಿ ಎಂದಿಗಿಂತ ಮೇಲೆ ಹೋಯಿತು. ಹೆಂಡತಿ "ರೀ, ಸ್ವಲ್ಪ ನಿಲ್ಸಿ ನೋಡೋಣ" ಅಂದಳು. "ಹೊರಡುವಾಗ ನೋಡಿದ್ದೀನಿ, ಬಾಟಲಿ ತುಂಬಿದೆ" ಅಂದೆ. ನೆಲಮಂಗಲ ದಾಟಿದ ಮೇಲೆ ಸೂಜಿ ಸರಸರ ಕೆಳಗಿಳಿದು, ಆಗ ತಾನೇ ಸ್ಟಾರ್ಟ್ ಮಾಡಿದ ಗಾಡಿಯ ಹಾಗೆ ತಳಕ್ಕೆ ಬಂದು ಕೂತಿತು. "ನೋಡು, ಗಾಳಿ ಸಿಕ್ಕಿದ ತಕ್ಷಣ ಹೆಂಗೆ ಇಳೀತು" ಅಂದೆ. ಇಳಿದದ್ದು ಬಿಸಿ ಅಲ್ಲ, ನೀರು. ಸೂಜಿಗೆ ಸುದ್ದಿ ಕಳಿಸುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಅದರ ಸುತ್ತ ನೀರೇ ಉಳಿದಿರಲಿಲ್ಲ. ದಾಬಸ್‌ಪೇಟೆ ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಇರುವಾಗ ಪಿಕಪ್ ಸತ್ತುಹೋಯಿತು, ಇಂಜಿನ್ ಕಟಕಟ ಅಂದಿತು, ಒಂದು ಸೀದ ವಾಸನೆ ಬಂತು. ನಿಂತಿತು.

ಪಕ್ಕದ ಪಂಕ್ಚರ್ ಅಂಗಡಿ ಅಜ್ಜ, ನಾನು ಮುಚ್ಚಳಕ್ಕೆ ಕೈ ಹಾಕಿದ್ದು ನೋಡಿ ಅಲ್ಲಿಂದಲೇ ಕೂಗಿದ: "ಮುಖ ಸುಟ್ಕೋತೀಯ, ಬಿಡಪ್ಪ!" ಮುಕ್ಕಾಲು ಗಂಟೆ ಕಾಯಿಸಿ, ಒದ್ದೆ ಗೋಣಿಚೀಲ ಹಾಕಿ ತಾನೇ ತಿರುಗಿಸಿದ. ಒಳಗೆ ಒಣಗಿದ ಕೊಳವೆಗಳು, ತುಕ್ಕಿನ ಬಣ್ಣ. ಮೂರು ಲೀಟರ್ ನೀರು ಗಟಗಟ ಕುಡಿಯಿತು. ಪಕ್ಕದಲ್ಲೇ ಬಾಟಲಿ, ಫುಲ್ ಗೆರೆಯಲ್ಲಿ ತಣ್ಣಗೆ ಕೂತಿತ್ತು. ಅಮ್ಮ ಹೂವಿನ ಬುಟ್ಟಿ ಹಿಡಿದು ಬಸ್ಸಿನಲ್ಲಿ ಹೋದರು.

ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಸುಟ್ಟಿತ್ತು, ಅಲ್ಯುಮಿನಿಯಂ ಹೆಡ್ ಬೆಂಡ್ ಆಗಿತ್ತು. ಹೆಡ್ ಮಟ್ಟ ಮಾಡುವ ಫೇಸಿಂಗ್, ಗ್ಯಾಸ್ಕೆಟ್, ಟೋಯಿಂಗ್ ಎಲ್ಲ ಸೇರಿ ಹತ್ತೊಂಬತ್ತು ಸಾವಿರ. ಜೆ.ಸಿ. ರೋಡಿನಲ್ಲಿ ಹೊಸ ಕ್ಯಾಪ್ ತಂದೆ, ನೂರೈವತ್ತು ರೂಪಾಯಿ.

ಥರ್ಮೋಸ್ಟಾಟ್ ತೆಗೆಸು ಅಂತ ನನಗೂ ಇಬ್ಬರು ಹೇಳಿದ್ದರು. ಹೇಗೂ ಹೆಡ್ ಬಿಚ್ಚಿದ್ದರಲ್ಲ, ಅದನ್ನು ಮನೆಗೆ ತಂದು ದಾರ ಕಟ್ಟಿ ಒಲೆ ಮೇಲಿನ ನೀರಿನಲ್ಲಿ ಇಳಿಬಿಟ್ಟೆ. (ಆ ಪಾತ್ರೆಯನ್ನು ಹೆಂಡತಿ ಇನ್ನೂ ಅಡುಗೆಗೆ ತೆಗೆದುಕೊಂಡಿಲ್ಲ.) ನೀರು ಕುದಿಯುವ ಮುಂಚೆಯೇ ಬಾಯಿ ಬಿಟ್ಟಿತು. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಅದನ್ನು ಕಿತ್ತರೆ ಇಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಬೆಂಗಳೂರು ಬಿಸಿಲೂರು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಇನ್ನೊಂದು ಪ್ಲಾನ್, ಫ್ಯಾನ್ ಡೈರೆಕ್ಟ್ ಕೊಡಿಸುವುದು, ಅದೂ ಬೇಡ. ಜ್ವರ ಯಾಕೆ ಬಂತು ಅಂತ ನೋಡದೆ ಒದ್ದೆ ಬಟ್ಟೆ ಹಾಕಿದ ಹಾಗೆ.

ಆದರೆ ಫ್ಯಾನ್ ನೋಡಲೇಬೇಕು. ನಿಂತಾಗ ಬಿಸಿ, ಓಡುವಾಗ ಸರಿ ಅಂದರೆ ಕ್ಯಾಪ್ ಬಿಟ್ಟರೆ ಮುಂದಿನ ಅನುಮಾನ ಅದೇ. ಎಸಿ ಆಫ್ ಮಾಡಿ ಇಂಜಿನ್ ಓಡಲು ಬಿಡಿ. ಸೂಜಿ ಅರ್ಧ ದಾಟಿದರೂ ಫ್ಯಾನ್ ಸದ್ದು ಬರಲಿಲ್ಲವಾ, ಇಂಜಿನ್ ಆಫ್ ಮಾಡಿ ಫ್ಯೂಸ್, ರಿಲೇ, ಫ್ಯಾನ್ ಸ್ವಿಚ್ ನೋಡಿಸಿ. ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದರೆ, ಗೀಸರ್ ಒಳಗೆ ಕಟ್ಟುವ ಬಿಳಿ ಪದರ ರೇಡಿಯೇಟರಲ್ಲೂ ಕಟ್ಟಿರುತ್ತದೆ. ಅದು ಹೆಚ್ಚಾಗಿ ಹೈವೇಯಲ್ಲೂ ಬಿಸಿ ಮಾಡುತ್ತದೆ, ನಿಮ್ಮದು ಹಾಗಿಲ್ಲ. ಆಯಿಲ್ ಮುಚ್ಚಳದ ಕೆಳಗೆ ಕಾಫಿ ನೊರೆಯಂಥದ್ದು ಇದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆಯೂ ಯೋಚಿಸಿ. ನೊರೆ ಇಲ್ಲ ಅಂದಮಾತ್ರಕ್ಕೆ ಅದು ಸರಿಯಿದೆ ಅಂತಲ್ಲ.

ದಾರಿಯಲ್ಲಿ ಸೂಜಿ ಏರಿದರೆ ಎಸಿ ಆಫ್, ಹೀಟರ್ ಫುಲ್, ಕಿಟಕಿ ಇಳಿಸಿ, ಜಾಗ ಸಿಕ್ಕ ತಕ್ಷಣ ಪಕ್ಕಕ್ಕೆ. ಹೀಟರಿನಲ್ಲಿ ಬಿಸಿ ಗಾಳಿ ಬರದೇ ತಣ್ಣನೆ ಗಾಳಿ ಬಂದರೆ ಸೂಜಿ ಏನೇ ಹೇಳಲಿ, ಆ ಕ್ಷಣ ಇಂಜಿನ್ ಆಫ್ ಮಾಡಿ. ನಾನು ಅವತ್ತು ಹೀಟರ್ ಹಾಕಿದ್ದರೆ ನೆಲಮಂಗಲದಲ್ಲೇ ಗೊತ್ತಾಗುತ್ತಿತ್ತು.

ನಾಳೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಕೂಲಂಟ್ ಕುತ್ತಿಗೆವರೆಗೆ ಕಾಣಬೇಕು. ಕಾಣದಿದ್ದರೆ ಅಳತೆ ಮಾಡಿ ಸುರಿಯಿರಿ, ಎಷ್ಟು ಕುಡಿಯಿತು ಅಂತ ಇಲ್ಲಿ ಬರೆಯಿರಿ. ಕ್ಯಾಪಿನ ರಬ್ಬರಿಗೆ ಉಗುರು ಒತ್ತಿ ನೋಡಿ, ಅದು ಮೆತ್ತಗಿದೆಯಾ ಅಂತಲೂ ಬರೆಯಿರಿ. ಅಲ್ಲಿವರೆಗೆ ಆಫೀಸಿಗೆ ಬಸ್ಸಿನಲ್ಲಿ ಹೋಗಿ.