ಅಲಾಯ್ ಚಕ್ರಕ್ಕೆ ಆಸಿಡ್ ಹಾಕಿಸಬಹುದಾ?

ಪ್ರಶ್ನೆ: ತೊಳೆದು ವಾರವಾಗುವಷ್ಟರಲ್ಲಿ ನಮ್ಮ ಕಾರಿನ ಮುಂದಿನ ಎರಡೂ ಅಲಾಯ್ ಚಕ್ರ ಕಪ್ಪಾಗುತ್ತವೆ. ಹಿಂದಿನವು ಅಷ್ಟಾಗಿ ಆಗಲ್ಲ. ಶಾಂಪೂ ಹಾಕಿ ಉಜ್ಜಿದರೂ ಕಂದು ಚುಕ್ಕೆ ಉಳಿಯುತ್ತದೆ. ವಾಟರ್ ಸರ್ವಿಸ್‌ನವರು ಆಸಿಡ್ ಹಾಕೋಣ ಅಂತಾರೆ. ಚಾರ್ಮಾಡಿ ಘಾಟಿಯಲ್ಲಿ ಓಡಾಟ ಜಾಸ್ತಿ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಆಸಿಡ್ ಬೇಡವೇ ಬೇಡ. ಮೊದಲ ಸಲ ಚಕ್ರ ಫಳಫಳ ಹೊಳೆಯುತ್ತದೆ, ನಿಜ. ಆದರೆ ಅಲ್ಯೂಮಿನಿಯಂ ಮೇಲಿರುವ ಕ್ಲಿಯರ್ ಕೋಟ್ ಎಂಬ ತೆಳುವಾದ ಪಾರದರ್ಶಕ ಲೇಪವನ್ನು ಆಸಿಡ್ ತಿಂದುಹಾಕಿದರೆ ಚಕ್ರ ಮಂಕಾಗಿ ಬಿಳಿ ಮಚ್ಚೆ ಏಳುತ್ತದೆ, ಆಮೇಲೆ ಪೇಂಟ್ ಮಾಡಿಸದೆ ಬೇರೆ ದಾರಿ ಇಲ್ಲ.

ಆ ಕಪ್ಪು ಕೊಳೆ ರಸ್ತೆಯ ಕೆಸರಲ್ಲ. ಬ್ರೇಕ್ ಪ್ಯಾಡ್ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಹಿಡಿದಾಗ ಎರಡೂ ಸವೆಯುತ್ತವೆ, ಬಿಸಿಯಾದ ಕಬ್ಬಿಣದ ಪುಡಿ ಹಾರಿ ಚಕ್ರಕ್ಕೆ ಅಂಟಿಕೊಳ್ಳುತ್ತದೆ, ನೀರು ತಾಗಿದ ಮೇಲೆ ಅದೇ ತುಕ್ಕು ಹಿಡಿದು ಕಂದು ಚುಕ್ಕೆಯಾಗುತ್ತದೆ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಮುಂದಿನ ಬ್ರೇಕಿಗೇ ಕೆಲಸ ಜಾಸ್ತಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬರಬೇಡಿ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಪುಡಿಯೂ ಕಡಿಮೆ, ಬ್ರೇಕೂ ಅಷ್ಟು ಬಿಸಿಯಾಗುವುದಿಲ್ಲ.

ತೊಳೆಯುವ ಮೊದಲು ಗಾಡಿ ನೆರಳಲ್ಲಿ ನಿಲ್ಲಿಸಿ, ಚಕ್ರ ಪೂರ್ತಿ ತಣ್ಣಗಾಗಲಿ. ಒಣ ಪುಡಿಯನ್ನು ಏರ್ ಗನ್ನಿನಿಂದ ಊದಬೇಡಿ, ಅದು ಸೀದಾ ನಿಮ್ಮ ಮೂಗಿಗೇ ಹೋಗುತ್ತದೆ. ಮೊದಲು ಬರೀ ನೀರು ಬಿಟ್ಟು, ಆಮೇಲೆ ಶಾಂಪೂ ಮತ್ತು ಮೆತ್ತನೆ ಬ್ರಷ್. ಚಕ್ರದ ಬಕೆಟ್, ಬಟ್ಟೆ ಬೇರೆಯೇ ಇರಲಿ, ಇಲ್ಲಾಂದ್ರೆ ಆ ಕಬ್ಬಿಣದ ಪುಡಿ ಬಾಗಿಲಿಗೆಲ್ಲ ಗೀರು ಹಾಕುತ್ತದೆ. ಸ್ಟೀಲ್ ಸ್ಕ್ರಬ್ಬರ್ ಹತ್ತಿರಕ್ಕೂ ತರಬೇಡಿ.

ಕಂದು ಚುಕ್ಕೆಗೆ ಆಸಿಡ್ ಇಲ್ಲದ, ಪಿಎಚ್ ನ್ಯೂಟ್ರಲ್ ಎಂದು ಬರೆದಿರುವ ಐರನ್ ರಿಮೂವರ್ ತನ್ನಿ. ಗ್ಲೌಸ್ ಹಾಕಿಕೊಂಡು ಸ್ಪ್ರೇ ಮಾಡಿದರೆ, ಕಬ್ಬಿಣ ಇದ್ದ ಕಡೆಯೆಲ್ಲ ನೇರಳೆ ಬಣ್ಣವಾಗಿ, ಸ್ಪೋಕಿನ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗಾಬರಿಯಾಗಬೇಡಿ. ಒಣಗಲು ಬಿಡದೆ ಜೋರಾಗಿ ನೀರು ಹೊಡೆಯಿರಿ. ಬೋರ್‌ವೆಲ್ ನೀರಾದರೆ ತಕ್ಷಣ ಒರೆಸಿ, ಬಿಳಿ ಕಲೆ ಕೂರುತ್ತದೆ.

ಚೆನ್ನಾಗಿ ಒಣಗಿದ ಮೇಲೆ ವೀಲ್ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ. ಪುಡಿ ಬೀಳುವುದು ನಿಲ್ಲುವುದಿಲ್ಲ, ಆದರೆ ಮುಂದಿನ ಸಲ ನೀರಿಗೇ ಬಹುಪಾಲು ಹೋಗುತ್ತದೆ. ಸೆರಾಮಿಕ್ ಕೋಟಿಂಗ್ ಹೆಚ್ಚು ಕಾಲ ಬಾಳುತ್ತದೆ, ದುಡ್ಡೂ ಹಾಗೇ. ಯಾವುದನ್ನೇ ಆಗಲಿ ಬಟ್ಟೆಗೆ ಹಾಕಿಕೊಂಡು ಹಚ್ಚಿ. ವ್ಯಾಕ್ಸಾಗಲಿ ಟೈರ್ ಪಾಲಿಶ್ ಆಗಲಿ ಡಿಸ್ಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಇದು ತಮಾಷೆಯ ಮಾತಲ್ಲ. ತೊಳೆದ ಮೇಲೆ ನಿಧಾನಕ್ಕೆ ಓಡಿಸಿ, ನಾಲ್ಕಾರು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿಕೊಳ್ಳಿ.

ಮುಂದಿನ ಸಲ ಪ್ಯಾಡ್ ಬದಲಿಸುವಾಗ ನಿಮ್ಮ ಕಾರಿಗೆ ಸೆರಾಮಿಕ್ ಪ್ಯಾಡ್ ಸಿಗುತ್ತದಾ ಕೇಳಿ, ಅದರಲ್ಲಿ ಪುಡಿ ಕಡಿಮೆ. ನಿಮ್ಮದರಲ್ಲಿ ಎರಡೂ ಸಮನಾಗಿ ಕಪ್ಪಾಗುತ್ತಿವೆ, ಅದು ಸರಿಯೇ. ಒಂದೇ ಚಕ್ರ ಜಾಸ್ತಿ ಕಪ್ಪಾಗಿ, ಓಡಿಸಿ ಬಂದಾಗ ಅದೊಂದೇ ಹೆಚ್ಚು ಬಿಸಿಯಾಗಿದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗಿರಬಹುದು. ಆಗ ತೊಳೆಯುತ್ತಾ ಕೂರಬೇಡಿ, ಘಾಟಿ ಇಳಿಯುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ.